ಯಾರಿಗೋ ಮೊದಲೇ ಗೊತ್ತಿರುತ್ತದೆ: ಕೆಲಸದ ಜಾಗದಲ್ಲಿ, ಜನ ಸೇರುವ ಕಡೆ ಜೀವ ಕಾಪಾಡುವ ಬಗೆ

2013ರ ಏಪ್ರಿಲ್ 23ರಂದು ಬಾಂಗ್ಲಾದೇಶದ ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡದಲ್ಲಿ ದೊಡ್ಡ ಬಿರುಕುಗಳು ಕಾಣಿಸಿಕೊಂಡವು. ಕೆಳಗಿನ ಮಹಡಿಯಲ್ಲಿದ್ದ ಬ್ಯಾಂಕ್ ತನ್ನ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಮೇಲಿನ ಮಹಡಿಗಳ ಗಾರ್ಮೆಂಟ್ ಕೆಲಸಗಾರರನ್ನು ಮಾತ್ರ ಮರುದಿನ ಬೆಳಿಗ್ಗೆ ಮತ್ತೆ ಒಳಗೆ ಕರೆಸಿದರು. ಅದೇ ಬೆಳಿಗ್ಗೆ ಕಟ್ಟಡ ಕುಸಿಯಿತು. 1,100ಕ್ಕೂ ಹೆಚ್ಚು ಜನ ಸತ್ತರು.

ಬಿರುಕು ಕಣ್ಣಿಗೆ ಬಿದ್ದಿತ್ತು. ಒಳಗೆ ಹೋಗಲು ಹೆದರಿದವರೂ ಇದ್ದರು. ಆದರೆ ಇವತ್ತು ಕೆಲಸ ಬೇಡ ಎಂದು ತೀರ್ಮಾನಿಸುವ ಅಧಿಕಾರ ಆ ಹೆದರಿದವರ ಕೈಯಲ್ಲಿ ಇರಲಿಲ್ಲ. ದೊಡ್ಡ ಅವಘಡಗಳನ್ನು ಬಿಡಿಸಿ ನೋಡಿದರೆ ಇದೇ ಸಂಗತಿ ಮತ್ತೆ ಮತ್ತೆ ಸಿಗುತ್ತದೆ. ಯಾರಿಗೋ ಮೊದಲೇ ಗೊತ್ತಿರುತ್ತದೆ. ಆ ಮಾತು ಮುಟ್ಟಬೇಕಾದವರಿಗೆ ಮುಟ್ಟಿರುವುದಿಲ್ಲ. ಇಲ್ಲವೇ ಮುಟ್ಟಿದರೂ ಯಾರೂ ಕೆಲಸ ನಿಲ್ಲಿಸಿರುವುದಿಲ್ಲ.

ನೀವು ಅಂಗಡಿ ನಡೆಸುತ್ತಿರಬಹುದು, ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರಬಹುದು, ಆಫೀಸು ನೋಡಿಕೊಳ್ಳುತ್ತಿರಬಹುದು, ನಿಮ್ಮ ಬಡಾವಣೆಯ ಸಂಘದಲ್ಲಿ ಓಡಾಡುತ್ತಿರಬಹುದು. ಗೊತ್ತಿರುವವರ ಮಾತು ಹೊರಗೆ ಬರುವ ಹಾಗೆ, ಬಂದ ಮೇಲೆ ಅದರಿಂದ ಏನಾದರೂ ಬದಲಾಗುವ ಹಾಗೆ ಮಾಡುವುದು ಹೇಗೆ ಎಂದು ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ಫೈಲು ಬಿಟ್ಟು ಎದ್ದು ಓಡಾಡಿ

ಮೊದಲ ಕೆಲಸ ನಡೆಯುವುದು. ಕೈಯಲ್ಲಿ ಒಂದು ಸಣ್ಣ ನೋಟ್‌ಬುಕ್ ಇದ್ದರೆ ಸಾಕು. ಕೆಲಸ ನಡೆಯುತ್ತಿರುವ ಹೊತ್ತಿನಲ್ಲೇ ಹೋಗಿ. ಎಲ್ಲ ಗುಡಿಸಿ ಒಪ್ಪ ಮಾಡಿದ ಮೇಲೆ ನೋಡಿದರೆ ಏನೂ ಕಾಣುವುದಿಲ್ಲ. ರಾತ್ರಿ ಪಾಳಿ ಇದ್ದರೆ ರಾತ್ರಿಯೂ ಒಮ್ಮೆ ಹೋಗಿ. ಸರಕು ಇಳಿಸುವ ಹೊತ್ತು, ಬಾಗಿಲು ಹಾಕುವ ಹೊತ್ತು, ಯಂತ್ರ ಕೆಟ್ಟು ರಿಪೇರಿ ಮಾಡುವ ಹೊತ್ತು, ಹೊಸಬರು ಸೇರಿದ ಮೊದಲ ವಾರ, ಇವುಗಳ ಮೇಲೆ ಜಾಸ್ತಿ ಗಮನ ಇರಲಿ. ದಿನಾ ಮಾಡುವ ಕೆಲಸಕ್ಕಿಂತ ಅಪರೂಪಕ್ಕೆ ಮಾಡುವ ಕೆಲಸದಲ್ಲಿ ಎಡವುವುದು ಸುಲಭ.

ನೋಡುವುದರ ಜೊತೆಗೆ ಕೇಳಿ. "ಏನಾದರೂ ತೊಂದರೆ ಇದೆಯಾ?" ಎಂದರೆ ಎಲ್ಲರೂ "ಏನಿಲ್ಲ ಸರ್" ಅನ್ನುತ್ತಾರೆ. ಹಾಗೆ ಕೇಳಬೇಡಿ. "ಇಲ್ಲಿ ಮುಂದೆ ಯಾರಿಗಾದರೂ ಪೆಟ್ಟಾದರೆ ಅದು ಎಲ್ಲಿ ಆಗಬಹುದು?" ಎಂದು ಕೇಳಿ. "ಈ ಕೆಲಸದಲ್ಲಿ ಯಾವ ಭಾಗ ಮಾಡುವಾಗ ನಿಮಗೆ ಭಯ ಆಗುತ್ತದೆ?" ಎಂದು ಕೇಳಿ. ಈ ಪ್ರಶ್ನೆಗಳಿಗೆ ಉತ್ತರ ಇದ್ದೇ ಇರುತ್ತದೆ. ಶುಚಿ ಮಾಡುವವರನ್ನು, ಗುತ್ತಿಗೆಯಲ್ಲಿ ಬಂದವರನ್ನು, ಸೆಕ್ಯುರಿಟಿಯವರನ್ನು ಬಿಡಬೇಡಿ. ಅವರು ಕಟ್ಟಡದ ಮೂಲೆಮೂಲೆ ನೋಡಿರುತ್ತಾರೆ. ಸಭೆಗೆ ಮಾತ್ರ ಅವರನ್ನು ಯಾರೂ ಕರೆಯುವುದಿಲ್ಲ.

ಬರೆದುಕೊಂಡದ್ದನ್ನು ಎರಡು ಪ್ರಶ್ನೆ ಹಾಕಿ ತೂಗಿ. ಇದು ಕೈಮೀರಿದರೆ ಎಷ್ಟು ಕೆಟ್ಟದಾಗಬಹುದು? ಎಷ್ಟು ಸಲ ಆಗುವ ಸಾಧ್ಯತೆ ಇದೆ? ಜೀವ ಹೋಗುವಂಥದ್ದು ಅಪರೂಪಕ್ಕೆ ಆಗುವಂಥದ್ದಾದರೂ ಪಟ್ಟಿಯ ಮೇಲೇ ಇರಲಿ.

ಹೆಜ್ಜೆ 2: ಅಪಾಯವನ್ನೇ ತೆಗೆಯಲು ನೋಡಿ

ಅಪಾಯ ಕಂಡ ಕೂಡಲೇ ನಮ್ಮ ಕೈ ಹೋಗುವುದು ಹೆಲ್ಮೆಟ್, ಗ್ಲೌಸ್, "ಎಚ್ಚರಿಕೆ" ಫಲಕದ ಕಡೆಗೆ. ಅವು ಬೇಕು, ಆದರೆ ಅವು ಕೊನೆಯ ಆಸರೆ. ಸುರಕ್ಷತೆಯ ಕೆಲಸದಲ್ಲಿರುವವರು ಪಾಲಿಸುವ ಒಂದು ಕ್ರಮ ಇದೆ. ಮೊದಲು ಅಪಾಯವನ್ನೇ ತೆಗೆಯಲಾಗುತ್ತದಾ ನೋಡಿ. ಆಗದಿದ್ದರೆ ಕಡಿಮೆ ಅಪಾಯದ ವಸ್ತು ಬಳಸಿ. ಅದೂ ಆಗದಿದ್ದರೆ ಮನುಷ್ಯನಿಗೂ ಅಪಾಯಕ್ಕೂ ನಡುವೆ ಅಡ್ಡ ಕಟ್ಟಿ. ಆಮೇಲೆ ನಿಯಮ, ತರಬೇತಿ, ಫಲಕ. ಎಲ್ಲಕ್ಕಿಂತ ಕೊನೆಗೆ ಮೈಮೇಲೆ ಹಾಕಿಕೊಳ್ಳುವ ಸಾಮಾನು. ಕ್ರಮ ಹೀಗಿರಲು ಕಾರಣ ಸರಳ. ಮೇಲಿನವು ಯಾರೂ ನೆನಪಿಟ್ಟುಕೊಳ್ಳದಿದ್ದರೂ ಕೆಲಸ ಮಾಡುತ್ತವೆ. ಕೆಳಗಿನವು ಪ್ರತಿ ದಿನ, ಪ್ರತಿ ಮನುಷ್ಯ ನೆನಪಿಟ್ಟುಕೊಂಡರೆ ಮಾತ್ರ.

ಎತ್ತರದ ಬಲ್ಬ್ ಬದಲಿಸುವ ಕೆಲಸ ತಗೊಳ್ಳಿ. ಬಲ್ಬನ್ನೇ ಕೈಗೆಟುಕುವ ಎತ್ತರಕ್ಕೆ ತಂದರೆ ಏಣಿಯೇ ಬೇಡ. ಅದು ಆಗದಿದ್ದರೆ ಸುತ್ತ ಕಂಬಿ ಇರುವ ವೇದಿಕೆ. ಏಣಿ ಹಾಕಲೇಬೇಕು ಎಂದಾದರೆ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯ ಹಾಗೆ ಬುಡವನ್ನು ಗೋಡೆಯಿಂದ ಹೊರಗಿಡಿ. ಏಣಿ ಹತ್ತಿ ಮಹಡಿಗೆ ಇಳಿಯುವುದಾದರೆ ಅದರ ತುದಿ ಮಹಡಿಯ ಅಂಚಿನಿಂದ ಮೂರು ಅಡಿ ಮೇಲೆ ಬರಬೇಕು. ಇಳಿಯುವಾಗ ಹಿಡಿಯಲು ಏನಾದರೂ ಬೇಕಲ್ಲ.

ಯಂತ್ರದ ಗಾರ್ಡ್, ಅಂದರೆ ಕೈ ಒಳಗೆ ಹೋಗದ ಹಾಗೆ ತಡೆಯುವ ಅಡ್ಡದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕತ್ತರಿಸುವ ಯಂತ್ರದ ಮುಂದೆ ಗಾರ್ಡ್ ಬಿಚ್ಚಿಟ್ಟಿದೆ ಅಂದುಕೊಳ್ಳಿ. ಅಥವಾ ಬಾಗಿಲು ತೆರೆದರೆ ಯಂತ್ರ ತಾನಾಗಿ ನಿಲ್ಲಬೇಕಾದ ಕಡೆ ಸ್ವಿಚ್ಚಿಗೆ ಟೇಪ್ ಸುತ್ತಿದ್ದಾರೆ. ನೋಡಿದವರಿಗೆ ಮೊದಲು ಬರುವುದು ಸಿಟ್ಟು. ಬೈದರೆ ಗಾರ್ಡ್ ವಾಪಸ್ ಬರುತ್ತದೆ, ನೀವು ಬೆನ್ನು ತಿರುಗಿಸಿದ ಕೂಡಲೇ ಮತ್ತೆ ಕಳಚುತ್ತದೆ. ಅದರ ಬದಲು ಆ ಯಂತ್ರದ ಪಕ್ಕ ಅರ್ಧ ಗಂಟೆ ಸುಮ್ನೆ ನಿಂತು ನೋಡಿ. ಸರಕು ಪದೇ ಪದೇ ಒಳಗೆ ಸಿಕ್ಕಿಕೊಳ್ಳುತ್ತದೆ. ಗಾರ್ಡ್ ಬಿಚ್ಚಲು ನಾಲ್ಕು ಸ್ಕ್ರೂ ತಿರುಗಿಸಬೇಕು. ಅಷ್ಟರಲ್ಲಿ ಅವತ್ತಿನ ಲೆಕ್ಕ ಹಿಂದೆ ಬೀಳುತ್ತದೆ, ಲೆಕ್ಕ ಹಿಂದೆ ಬಿದ್ದರೆ ಬೈಗುಳ. ಕೈ ಹಾಕಿ ಎಳೆಯುವುದೇ ಅವರಿಗೆ ಉಳಿದ ದಾರಿ. ಇದಕ್ಕೆ ಮದ್ದು ಸರಕು ಸಿಕ್ಕಿಕೊಳ್ಳದ ಹಾಗೆ ಯಂತ್ರ ಸರಿ ಮಾಡಿಸುವುದು, ಗಾರ್ಡಿಗೆ ಕೀಲು ಹಾಕಿಸುವುದು, ದಿನದ ಗುರಿಯನ್ನು ಒಂದಿಷ್ಟು ಇಳಿಸುವುದು. ಜನ ನಿಯಮ ಮುರಿಯುವ ಜಾಗದಲ್ಲೆಲ್ಲ ನಿಯಮ ಪಾಲಿಸುವುದನ್ನು ಕಷ್ಟ ಮಾಡಿದ್ದು ಏನು ಎಂದು ಮೊದಲು ಹುಡುಕಿ.

ಹೆಜ್ಜೆ 3: ಪಾಳಿ ಬದಲಾಗುವಾಗ ಮಾತು ಕಳೆದುಹೋಗದಿರಲಿ

1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆಯಲ್ಲಿ ಒಂದು ಪಂಪಿನ ಸುರಕ್ಷತಾ ವಾಲ್ವನ್ನು ರಿಪೇರಿಗೆ ಬಿಚ್ಚಿದ್ದರು. ಬಿಚ್ಚಿದ ಜಾಗಕ್ಕೆ ತಾತ್ಕಾಲಿಕ ಮುಚ್ಚಳ ಹಾಕಿದ್ದರು. ಸಂಜೆ ಪಾಳಿ ಬದಲಾಯಿತು. ವಾಲ್ವ್ ಇಲ್ಲ ಎನ್ನುವ ಸಂಗತಿ ರಾತ್ರಿಯವರಿಗೆ ತಲುಪಲಿಲ್ಲ. ಇನ್ನೊಂದು ಪಂಪ್ ನಿಂತಾಗ ಅವರು ಈ ಪಂಪನ್ನೇ ಚಾಲೂ ಮಾಡಿದರು. ಅನಿಲ ಸೋರಿತು, ಸ್ಫೋಟವಾಯಿತು. 167 ಜನ ಸತ್ತರು.

ಪಾಳಿ ಒಪ್ಪಿಸುವಾಗ ಎದುರೆದುರು ನಿಂತು ಮಾತಾಡಿ, ಜೊತೆಗೆ ಬರೆದೂ ಇಡಿ. ಅರ್ಧಕ್ಕೆ ನಿಂತ ಕೆಲಸ ಯಾವುದು, ಬಿಚ್ಚಿಟ್ಟದ್ದು ಏನು, ಯಾವ ಸ್ವಿಚ್ ಮುಟ್ಟಬಾರದು, ಇವತ್ತು ಏನು ಬೇರೆ ಥರ ನಡೆಯುತ್ತಿದೆ, ಇಷ್ಟನ್ನು ತಪ್ಪದೆ ಹೇಳಿ. ಬಂದವರು ಕೇಳಿಸಿಕೊಂಡದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ. ಇದಕ್ಕೆ ಹತ್ತು ನಿಮಿಷ ಹಿಡಿದರೆ ಆ ಹತ್ತು ನಿಮಿಷಕ್ಕೂ ಸಂಬಳ ಕೊಡಿ. ಸಂಬಳ ಇಲ್ಲದ ಹೊತ್ತಿನಲ್ಲಿ ಯಾರೂ ನಿಂತು ವಿವರವಾಗಿ ಹೇಳುವುದಿಲ್ಲ.

ಯಂತ್ರದೊಳಗೆ ಕೈ ಹಾಕುವ ರಿಪೇರಿಯಾದರೆ ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಮೇಲೆ ಹೆಸರಿನ ಚೀಟಿ ಕಟ್ಟಿ. ಕೀಲಿ ಕೆಲಸ ಮಾಡುವವರ ಜೇಬಿನಲ್ಲೇ ಇರಬೇಕು. ಮೂವರು ಕೆಲಸ ಮಾಡುತ್ತಿದ್ದರೆ ಮೂರು ಬೀಗ. ಬೀಗ ಹಾಕಿದ ಮೇಲೂ ಒಮ್ಮೆ ಯಂತ್ರ ಚಾಲೂ ಮಾಡಿ ನೋಡಿ, ಆಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಕೈ ಹಾಕಿ.

ಹೆಜ್ಜೆ 4: ಹೊರಗೆ ಹೋಗುವ ಬಾಗಿಲು

1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಗೆ ಬೆಂಕಿ ಬಿತ್ತು. ಕಾರ್ಖಾನೆ ಎಂಟು, ಒಂಬತ್ತು ಮತ್ತು ಹತ್ತನೇ ಮಹಡಿಯಲ್ಲಿತ್ತು. ಎಂಟನೇ ಮಹಡಿಯವರು ಹತ್ತನೇ ಮಹಡಿಗೆ ಫೋನ್ ಮಾಡಿ ತಿಳಿಸಿದರು. ನಡುವಿನ ಒಂಬತ್ತನೇ ಮಹಡಿಗೆ ಸುದ್ದಿ ಹೋಗಲೇ ಇಲ್ಲ. ಅಲ್ಲಿದ್ದವರಿಗೆ ಬೆಂಕಿ ಕಣ್ಣೆದುರು ಬಂದಾಗಲೇ ಗೊತ್ತಾದದ್ದು. ಅಲ್ಲಿ ಮೆಟ್ಟಿಲಿನ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಒಟ್ಟು 146 ಜನ ಸತ್ತರು, ಹೆಚ್ಚಿನವರು ಎಳೆಯ ವಯಸ್ಸಿನ ಹೆಣ್ಣುಮಕ್ಕಳು.

ನಿಮ್ಮ ಕಟ್ಟಡದ ಪ್ರತಿ ತುರ್ತು ಬಾಗಿಲನ್ನೂ ಇವತ್ತೇ ಕೈಯಾರೆ ತೆರೆದು ನೋಡಿ. ಒಳಗಿನಿಂದ ಕೀಲಿ ಇಲ್ಲದೆ, ಒಂದೇ ತಳ್ಳಿಗೆ ತೆರೆಯಬೇಕು. ಬಾಗಿಲ ಹೊರಗೆ ಹೋಗಿ ನಿಂತೂ ನೋಡಿ. ಒಳಗೆ ಚೊಕ್ಕವಾಗಿದ್ದು, ಹೊರಗೆ ಬೈಕು ನಿಲ್ಲಿಸಿಯೋ ರಟ್ಟಿನ ಪೆಟ್ಟಿಗೆ ಪೇರಿಸಿಯೋ ದಾರಿ ಮುಚ್ಚಿರುವುದು ಬಹಳ ಕಡೆ ಇದೆ. ಕಳ್ಳತನದ ಭಯ ಇದ್ದರೆ ಬಾಗಿಲಿಗೆ ಅಲಾರಂ ಹಾಕಿಸಿ, ಬೀಗ ಬೇಡ. ಈ ವಿಷಯದಲ್ಲಿ ರಾಜಿ ಇರಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಲಾರಂ ಶಬ್ದ ಶೌಚಾಲಯದಲ್ಲಿ, ಗೋದಾಮಿನ ಹಿಂದೆ, ಸದ್ದು ಮಾಡುವ ಯಂತ್ರದ ಪಕ್ಕದಲ್ಲಿ ಕೇಳುತ್ತದಾ ಪರೀಕ್ಷೆ ಮಾಡಿ. ಕಿವಿ ಕೇಳದವರಿಗೆ, ಗಾಲಿಕುರ್ಚಿಯಲ್ಲಿ ಇರುವವರಿಗೆ, ಗರ್ಭಿಣಿಯರಿಗೆ ಯಾರು ಜೊತೆಯಾಗುತ್ತಾರೆ ಎಂದು ಹೆಸರು ಹಿಡಿದು ಗೊತ್ತು ಮಾಡಿ, ಅವರ ಜೊತೆ ಕೂತು ಕೇಳಿಯೇ ಗೊತ್ತು ಮಾಡಿ. ಹೊರಗೆ ಬಂದು ಸೇರುವ ಜಾಗ ಒಂದೇ ಇರಲಿ, ಅಲ್ಲಿ ತಲೆ ಎಣಿಸಿ. ಅಣಕು ತೆರವು ಮಾಡುವಾಗ ಒಮ್ಮೆ ಮುಖ್ಯ ಬಾಗಿಲನ್ನು ಮುಚ್ಚಿ ಮಾಡಿ. ಗಾಬರಿಯಲ್ಲಿ ಜನ ತಾವು ಒಳಗೆ ಬಂದ ಬಾಗಿಲಿಗೇ ಓಡುತ್ತಾರೆ. ಬೇರೆ ಬಾಗಿಲು ಕಾಲಿಗೆ ರೂಢಿಯಾಗಿರಬೇಕು.

ಬೆಂಕಿ ಆರಿಸುವ ಸಿಲಿಂಡರ್ ಬಗ್ಗೆ ಎರಡು ಮಾತು. ಕೈಯಲ್ಲಿ ಎತ್ತುವ ಸಾಮಾನ್ಯ ಸಿಲಿಂಡರ್ ಅರ್ಧ ನಿಮಿಷವೂ ಬರುವುದಿಲ್ಲ. ಅದು ಕಸದ ಬುಟ್ಟಿಯಷ್ಟು ಬೆಂಕಿಗೆ ಮಾತ್ರ. ಪಿನ್ ಎಳೆಯಿರಿ, ಉರಿಯ ಬುಡಕ್ಕೆ ಗುರಿ ಹಿಡಿಯಿರಿ, ಹಿಡಿಕೆ ಒತ್ತಿ, ಆ ಕಡೆ ಈ ಕಡೆ ಬೀಸಿ. ಬೆನ್ನ ಹಿಂದೆ ಹೊರಗೆ ಹೋಗುವ ದಾರಿ ಇರಲೇಬೇಕು. ಉರಿಯುವ ಎಣ್ಣೆಗೆ ನೀರು ಹಾಕಬೇಡಿ, ಎಣ್ಣೆ ಸಿಡಿದು ಬೆಂಕಿ ಮೇಲೆದ್ದು ಹಬ್ಬುತ್ತದೆ. ಕರೆಂಟಿನ ಬೆಂಕಿಗೂ ನೀರು ಬೇಡ. ಹೊಗೆ ತುಂಬಿದ್ದರೆ ಆರಿಸುವ ಯೋಚನೆಯನ್ನೇ ಬಿಟ್ಟು ಬಗ್ಗಿ ಹೊರಗೆ ಬನ್ನಿ, ಬರುವಾಗ ಬಾಗಿಲು ಎಳೆದುಕೊಳ್ಳಿ.

ಹೆಜ್ಜೆ 5: ಕಣ್ಣಿಗೆ ಕಾಣದ್ದು

ಟ್ಯಾಂಕ್, ಗುಂಡಿ, ಹಳೆಯ ಬಾವಿ, ಮ್ಯಾನ್‌ಹೋಲ್. ಇವುಗಳಲ್ಲಿ ಒಬ್ಬರು ಇಳಿದು ಕುಸಿಯುತ್ತಾರೆ. ಅವರನ್ನು ಎತ್ತಲು ಇನ್ನೊಬ್ಬರು ಇಳಿಯುತ್ತಾರೆ, ಆಮೇಲೆ ಮೂರನೆಯವರು. ಕಾಪಾಡಲು ಹೋದವರೇ ಸಾಯುವುದು ಇಲ್ಲಿ ಮತ್ತೆ ಮತ್ತೆ ಆಗುವ ದುರಂತ. ಹೊರಗಿನ ಗಾಳಿಯಲ್ಲಿ ಸುಮಾರು 21 ಶೇಕಡಾ ಆಮ್ಲಜನಕ ಇರುತ್ತದೆ. ಅದು 19.5ಕ್ಕಿಂತ ಕೆಳಗಿದ್ದರೆ ಒಳಗೆ ಇಳಿಯಬಾರದು. ಇದನ್ನು ಮೂಗು ಹೇಳುವುದಿಲ್ಲ, ಮೀಟರ್ ಮಾತ್ರ ಹೇಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವ ಹೈಡ್ರೋಜನ್ ಸಲ್ಫೈಡ್ ಅಂತೂ ಪ್ರಮಾಣ ಹೆಚ್ಚಿದಾಗ ಮೂಗಿನ ಶಕ್ತಿಯನ್ನೇ ಕೆಡಿಸುತ್ತದೆ. ವಾಸನೆ ಹೋಯಿತು, ಅಪಾಯವೂ ಹೋಯಿತು ಅಂದುಕೊಳ್ಳುವ ಹೊತ್ತೇ ಬಹಳ ಕೆಟ್ಟ ಹೊತ್ತು. ಸಾಧ್ಯವಾದಷ್ಟೂ ಮನುಷ್ಯರನ್ನು ಇಳಿಸದೆ ಯಂತ್ರದಿಂದಲೇ ಆ ಕೆಲಸ ಮಾಡಿಸಿ. ಇಳಿಯಲೇಬೇಕಾದರೆ ತರಬೇತಿ ಆದವರು, ಗಾಳಿ ಪರೀಕ್ಷೆ, ಹಗ್ಗ ಕಟ್ಟಿದ ಸೇಫ್ಟಿ ಬೆಲ್ಟ್, ಮೇಲೆ ಕದಲದೆ ನಿಲ್ಲುವ ಒಬ್ಬರು, ಮೇಲಿನಿಂದಲೇ ಎತ್ತುವ ಏರ್ಪಾಡು, ಇಷ್ಟೂ ಇರಬೇಕು.

ಜನರೇಟರನ್ನು ಕಟ್ಟಡದ ಒಳಗೆ, ನೆಲಮಾಳಿಗೆಯಲ್ಲಿ, ಕಿಟಕಿಯ ಹತ್ತಿರ ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಂದೇ ಕೋಣೆಯಲ್ಲಿ ಹಲವರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು ಬಂದರೆ ಮೊದಲು ಎಲ್ಲರನ್ನೂ ಹೊರಗೆ ಕರೆತನ್ನಿ.

ಶುಚಿ ಮಾಡುವ ಕೆಲಸದಲ್ಲಿ ಬ್ಲೀಚಿಂಗ್ ಜೊತೆ ಟಾಯ್ಲೆಟ್ ಆಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಎರಡು ಬಾಟಲಿಗಳನ್ನು ಬೇರೆ ಬೇರೆ ಕಪಾಟಿನಲ್ಲಿಡಿ. ಯಾವ ರಾಸಾಯನಿಕವನ್ನೂ ಕುಡಿಯುವ ನೀರಿನ ಬಾಟಲಿಗೆ ತುಂಬಬೇಡಿ.

ಒಂದು ಮೊಳ ದೂರದಲ್ಲಿರುವವರ ಜೊತೆ ಕೂಗಿ ಮಾತಾಡಬೇಕು ಎಂದರೆ ಅಲ್ಲಿನ ಸದ್ದು ಕಿವಿ ಕೆಡಿಸುವಷ್ಟಿದೆ ಎಂದು ತಿಳಿಯಿರಿ. ದಿನಕ್ಕೆ ಎಂಟು ಗಂಟೆ 85 ಡೆಸಿಬಲ್ ಸದ್ದಿನಲ್ಲಿದ್ದರೆ ಕಿವಿಗೆ ಪೆಟ್ಟು ಶುರುವಾಗುತ್ತದೆ. ಹಾಗೆ ಹೋದ ಕೇಳುವ ಶಕ್ತಿ ವಾಪಸ್ ಬರುವುದಿಲ್ಲ.

ಹೆಜ್ಜೆ 6: ಹೇಳಿದವರಿಗೆ ತೊಂದರೆ ಆಗದಿರಲಿ

ಕೂದಲೆಳೆಯಲ್ಲಿ ತಪ್ಪಿದ ಘಟನೆಗಳೇ ಅತ್ಯಂತ ಬೆಲೆಬಾಳುವ ಸುದ್ದಿ. ಮೇಲಿನಿಂದ ಸ್ಪ್ಯಾನರ್ ಬಿತ್ತು, ಯಾರಿಗೂ ತಾಗಲಿಲ್ಲ. ಆ ದಿನ ಯಾರಿಗೂ ನೋವಾಗಿಲ್ಲ, ಹಾಗಾಗಿ ನಿಜ ಹೇಳುವುದೂ ಸುಲಭ. ಇವನ್ನು ಬರೆಯಲು ಒಂದು ಪುಸ್ತಕ ಇಡಿ. ಬರೆಯಲು ಬಾರದವರು ಬಾಯಲ್ಲಿ ಹೇಳಲಿ, ಕೇಳಿಸಿಕೊಂಡವರು ಬರೆಯಲಿ. ಹೆಸರು ಹಾಕುವುದು ಅವರಿಷ್ಟ.

ವಾರದೊಳಗೆ ಉತ್ತರ ಕೊಡಿ. ಸರಿ ಮಾಡಿದ್ದೇವೆ, ಅಥವಾ ಇಂಥ ದಿನ ಮಾಡುತ್ತೇವೆ, ಅಥವಾ ಈ ಕಾರಣಕ್ಕೆ ಆಗುವುದಿಲ್ಲ. ಉತ್ತರವೇ ಬಾರದಿದ್ದರೆ ಎರಡನೇ ಸಲ ಯಾರೂ ಹೇಳುವುದಿಲ್ಲ. "ಅಪಘಾತವಿಲ್ಲದ ದಿನ"ಗಳಿಗೆ ಬಹುಮಾನ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಬಹುಮಾನ ತಪ್ಪೀತೆಂದು ಜನ ಸಣ್ಣ ಗಾಯ ಮುಚ್ಚಿಡುತ್ತಾರೆ.

ಇನ್ನೊಂದು ಮುಖ್ಯ ಸಂಗತಿ. ಜೀವಕ್ಕೆ ಅಪಾಯ ಕಂಡರೆ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು ಎಂದು ಮಾಲೀಕರೇ ಎಲ್ಲರ ಮುಂದೆ ಹೇಳಲಿ. ಮೊದಲ ಸಲ ಯಾರೋ ನಿಲ್ಲಿಸುತ್ತಾರೆ, ನೋಡಿದರೆ ಅಪಾಯವೇನೂ ಇರುವುದಿಲ್ಲ. ಆಗ ಅವರಿಗೆ ಎಲ್ಲರ ಎದುರು ಧನ್ಯವಾದ ಹೇಳಿ. ಆ ಒಂದು ದಿನ ನೀವು ಏನು ಮಾಡುತ್ತೀರಿ ಎನ್ನುವುದನ್ನು ಎಲ್ಲರೂ ನೋಡುತ್ತಿರುತ್ತಾರೆ.

ಬೈಗುಳ, ಬೆದರಿಕೆ, ಲೈಂಗಿಕ ಕಿರುಕುಳ ಕೂಡ ಸುರಕ್ಷತೆಯ ವಿಷಯವೇ. ದೂರು ಕೊಡಲು ತನ್ನ ಮೇಲಧಿಕಾರಿಯ ಹೊರತು ಬೇರೆ ದಾರಿಯೂ ಇರಬೇಕು, ಯಾಕೆಂದರೆ ಎಷ್ಟೋ ಸಲ ತೊಂದರೆ ಕೊಡುವವರು ಅವರೇ. ರಾತ್ರಿ ಒಬ್ಬರೇ ಅಂಗಡಿ ನೋಡಿಕೊಳ್ಳುವವರಿದ್ದರೆ ಗೊತ್ತಾದ ಹೊತ್ತಿಗೆ ಫೋನ್ ಮಾಡಿ ವಿಚಾರಿಸಿ. ದರೋಡೆಗೆ ಬಂದರೆ ಹಣ ಕೊಟ್ಟುಬಿಡಿ, ಅದನ್ನು ನಿಮ್ಮ ಸಂಬಳದಿಂದ ಹಿಡಿಯುವುದಿಲ್ಲ ಎಂದು ಮೊದಲೇ ಬರೆದು ಕೊಡಿ.

ಹೆಜ್ಜೆ 7: ಜನ ಸೇರುವ ಕಡೆ

2022ರ ಅಕ್ಟೋಬರ್ 29ರ ರಾತ್ರಿ ದಕ್ಷಿಣ ಕೊರಿಯಾದ ಸೋಲ್ ನಗರದ ಇಟೇವಾನ್‌ನಲ್ಲಿ ಇಕ್ಕಟ್ಟಾದ ಓಣಿಯೊಂದರಲ್ಲಿ ನೂಕುನುಗ್ಗಲಾಗಿ 159 ಜನ ಜೀವ ಕಳೆದುಕೊಂಡರು. ಅದಕ್ಕೂ ಕೆಲವು ಗಂಟೆ ಮೊದಲೇ, ಜನ ಅಪ್ಪಚ್ಚಿಯಾಗುವ ಹಾಗಿದ್ದಾರೆ ಎಂದು ಪೊಲೀಸರಿಗೆ ಕರೆಗಳು ಬಂದಿದ್ದವು. ಇಲ್ಲೂ ಗೊತ್ತಿದ್ದವರಿದ್ದರು, ಹೇಳಿಯೂ ಇದ್ದರು.

ಜಾತ್ರೆ, ಮೆರವಣಿಗೆ, ಸಭೆ, ಮಾರಾಟ ಮೇಳ, ಏನೇ ಮಾಡಿದರೂ ಲೆಕ್ಕ ಒಂದೇ. ಒಂದು ಚದರ ಮೀಟರಿನಲ್ಲಿ ನಾಲ್ಕು ಜನ ದಾಟುತ್ತಿದ್ದ ಹಾಗೆ ಎಚ್ಚೆತ್ತುಕೊಳ್ಳಿ. ಆರೇಳು ಜನ ಆದರೆ ಯಾರಿಗೂ ತಮ್ಮ ಕಾಲಿನ ಮೇಲೆ ಹಿಡಿತ ಇರುವುದಿಲ್ಲ, ಗುಂಪು ನೀರಿನ ಹಾಗೆ ಅಲೆಯಾಡುತ್ತದೆ. ಇಂಥ ಕಡೆ ಹೆಚ್ಚಿನವರು ಸಾಯುವುದು ನಿಂತಲ್ಲೇ ಎದೆ ಒತ್ತಿ ಉಸಿರು ಕಟ್ಟಿ. ಹಾಗಾಗಿ ಒಳಗೆ ಬರುವ ದಾರಿ, ಹೊರಗೆ ಹೋಗುವ ದಾರಿ ಬೇರೆ ಮಾಡಿ. ಎತ್ತರದಲ್ಲಿ ನಿಂತು ನೋಡುವ ಒಬ್ಬರಿರಲಿ. ಒಳಗೆ ಬಿಡುವುದನ್ನು ನಿಲ್ಲಿಸುವ ಅಧಿಕಾರ ಅವರಿಗೇ ಇರಲಿ, ಯಾರನ್ನೂ ಕೇಳಬೇಕಾಗಿ ಬರಬಾರದು. ಹಿಂದಿನವರಿಗೆ ಮುಂದೆ ಏನಾಗುತ್ತಿದೆ ಎಂದು ಕಾಣುವುದಿಲ್ಲ, ಅದಕ್ಕೇ ಮೈಕಿನಲ್ಲಿ ಸ್ಪಷ್ಟವಾಗಿ ಹೇಳಿ: "ಹಿಂದೆ ಸರಿಯಿರಿ, ನೂಕಬೇಡಿ."

ನೀವೇ ಸಿಕ್ಕಿಬಿದ್ದರೆ ಎರಡೂ ಕೈಗಳನ್ನು ಎದೆಯ ಮುಂದೆ ಮಡಚಿ ಉಸಿರಾಡಲು ಜಾಗ ಉಳಿಸಿಕೊಳ್ಳಿ. ಗುಂಪಿನ ಎದುರು ನೂಕಬೇಡಿ, ಅದು ಹೋದ ಕಡೆ ಹೋಗುತ್ತಾ ಓರೆಯಾಗಿ ಅಂಚಿಗೆ ಸರಿಯಿರಿ. ಬಿದ್ದ ವಸ್ತು ಎತ್ತಲು ಬಗ್ಗಬೇಡಿ.

ಹೆಜ್ಜೆ 8: ಸಹಾಯ ಬರುವ ತನಕ

ಪ್ರತಿ ಪಾಳಿಯಲ್ಲೂ ಪ್ರಥಮ ಚಿಕಿತ್ಸೆ ಕಲಿತವರು ಇರಬೇಕು. ಒಬ್ಬರು ರಜೆ ಹಾಕಿದರೂ ಇನ್ನೊಬ್ಬರು ಸಿಗುವಷ್ಟು ಜನರಿಗೆ ಕಲಿಸಿ. ಹೋಗುವ ಮುನ್ನ ನಿಮಗೆ ಅಪಾಯವಿಲ್ಲ ಎಂದು ನೋಡಿಕೊಳ್ಳಿ. ಕರೆಂಟ್ ತಗುಲಿದವರನ್ನು ಮೇನ್ ಆಫ್ ಮಾಡುವ ಮೊದಲು ಮುಟ್ಟಬೇಡಿ.

ಪ್ರಜ್ಞೆ ಇಲ್ಲ, ಉಸಿರು ಸಹಜವಾಗಿಲ್ಲ ಎಂದರೆ ತುರ್ತು ಸಂಖ್ಯೆಗೆ ಕರೆ ಮಾಡಿಸಿ, ಕೂಡಲೇ ಎದೆ ಒತ್ತಲು ಶುರು ಮಾಡಿ. ದೊಡ್ಡವರಿಗೆ ಎದೆಯ ನಡುವೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೆ ಬರಲು ಬಿಡಿ. ತರಬೇತಿ ಇಲ್ಲದವರು ಬರೀ ಒತ್ತಿದರೂ ಸಾಕು. ಎಇಡಿ, ಅಂದರೆ ಹೃದಯಕ್ಕೆ ಕರೆಂಟಿನ ಹೊಡೆತ ಕೊಟ್ಟು ಬಡಿತ ಸರಿ ಮಾಡುವ ಯಂತ್ರ ಇದ್ದರೆ ತರಿಸಿ, ಅದು ಏನು ಮಾಡಬೇಕೆಂದು ತಾನೇ ಹೇಳುತ್ತದೆ. ಹೃದಯ ನಿಂತು ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ.

ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಬಲವಾಗಿ ಒತ್ತಿ ಹಿಡಿಯಿರಿ, ನಿಂತಿತಾ ಎಂದು ಮತ್ತೆ ಮತ್ತೆ ತೆಗೆದು ನೋಡಬೇಡಿ. ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು. ಟೂತ್‌ಪೇಸ್ಟ್, ಎಣ್ಣೆ, ಐಸ್ ಯಾವುದೂ ಬೇಡ. ಒಬ್ಬರು ಗೇಟಿಗೆ ಹೋಗಿ ನಿಂತು ಆಂಬುಲೆನ್ಸಿಗೆ ದಾರಿ ತೋರಿಸಲಿ.

ಎಲ್ಲ ಮುಗಿದ ಮೇಲೆ

ಗಾಯಗೊಂಡವರ ಮನೆಗೆ ಸುದ್ದಿಯನ್ನು ಗೊತ್ತಿರುವವರೇ, ಆದಷ್ಟು ಬೇಗ ಮುಟ್ಟಿಸಲಿ. ಸ್ಥಳವನ್ನು ಗುಡಿಸಿ ತೊಳೆಯುವ ಮೊದಲು ಫೋಟೋ ತೆಗೆದಿಡಿ. ಕಂಡವರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಿ. "ಯಾರ ತಪ್ಪು?" ಎಂದು ಶುರು ಮಾಡಿದರೆ ಎಲ್ಲರ ಬಾಯಿಯೂ ಮುಚ್ಚುತ್ತದೆ. "ಆ ಹೊತ್ತಿನಲ್ಲಿ ನಿಮಗೆ ಏನು ಕಾಣುತ್ತಿತ್ತು? ಹಾಗೆ ಮಾಡುವುದೇ ಸರಿ ಎಂದು ಯಾಕೆ ಅನಿಸಿತು?" ಎಂದು ಕೇಳಿ. ಇದರ ಬಗ್ಗೆ ಮೊದಲೇ ಯಾರಾದರೂ ಹೇಳಿದ್ದರಾ, ಹೇಳಿದ್ದರೆ ಆ ಮಾತು ಎಲ್ಲಿ ನಿಂತುಹೋಯಿತು ಎಂದು ಹುಡುಕಿ. ಸಿಕ್ಕ ಉತ್ತರವನ್ನು ಹೆಜ್ಜೆ 6ರಲ್ಲಿ ಹೇಳಿದ ಪುಸ್ತಕದಲ್ಲೇ ಬರೆದು, ಸರಿ ಮಾಡುವವರ ಹೆಸರು ಮತ್ತು ದಿನಾಂಕ ಹಾಕಿ.

ಎದೆ ಒತ್ತಿದವರು, ರಕ್ತ ಕಂಡವರು, ಪಕ್ಕದಲ್ಲೇ ಇದ್ದು ಪಾರಾದವರು ಮರುದಿನ ಏನೂ ಆಗದವರ ಹಾಗೆ ಕೆಲಸಕ್ಕೆ ಬರಬಹುದು. ನಿದ್ದೆ ಬರುತ್ತಿದೆಯಾ, ಊಟ ಸೇರುತ್ತಿದೆಯಾ ಎಂದು ವಾರದ ನಂತರ ಒಮ್ಮೆ, ತಿಂಗಳ ನಂತರ ಇನ್ನೊಮ್ಮೆ ವಿಚಾರಿಸಿ. ಬೇಕೆಂದರೆ ಸಂಬಳದ ರಜೆ ಕೊಡಿ, ಆಪ್ತಸಲಹೆಗಾರರ ಹತ್ತಿರ ಕಳಿಸಿ. ಅದೇ ಯಂತ್ರದ ಮುಂದೆ ಮತ್ತೆ ನಿಲ್ಲಲು ಭಯವಾಗುತ್ತದೆ ಎಂದರೆ ಸ್ವಲ್ಪ ಕಾಲ ಬೇರೆ ಕೆಲಸ ಕೊಡಿ.